ಓಲರನ್‌ಶಾ ಮನೆತನದ ಮೂರನೆಯ ಹೆಸರು

ಸತ್ತುಹೋದ ಚಿಕ್ಕಪ್ಪ ಕನಸಿನಲ್ಲಿ ಬಂದು ಬೀರುವಿನ ಬೀಗದಕೈ ಎಲ್ಲಿದೆ ಅಂತ ಹೇಳಿಹೋದರು ಎಂದು ಯಾರಾದರೂ ಶುರುಮಾಡಿದರೆ, ಕಾಫಿ ತರುವ ನೆಪದಲ್ಲಿ ಎದ್ದುಹೋಗುವವರ ಪೈಕಿ ನಾನು. ವಾದ ಮಾಡುವ ಚಟವೂ ಇಲ್ಲ, ಸುಮ್ಮನೆ ಬೇಜಾರು. ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಕೆಲಸವೇ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. ಕಾರಣವಿಲ್ಲದೆ ಏನೂ ಕೆಡುವುದಿಲ್ಲ, ಕಾರಣ ಸಿಕ್ಕಿಲ್ಲವೆಂದರೆ ಇನ್ನೂ ಸರಿಯಾಗಿ ಹುಡುಕಿಲ್ಲ ಎಂದರ್ಥ ಅಂತ ಹೊಸದಾಗಿ ಸೇರಿದವರಿಗೆಲ್ಲ ಉಪದೇಶ ಮಾಡಿಕೊಂಡು ಬಂದವನು. ಹಾಗಾಗಿ ಇದನ್ನು ಓದುತ್ತಾ ನೀವು ಮಧ್ಯದಲ್ಲಿ ಕಾಫಿಗೆ ಎದ್ದುಹೋದರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ಅಷ್ಟೇ.

ಆಗ ನಾವು ಡಬ್ಲಿನ್ನಿನ ಲೆಪರ್ಡ್ಸ್‌ಟೌನ್ ಹತ್ತಿರ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅಲ್ಲಿನ ಎಷ್ಟೋ ಮನೆಗಳ ಹಾಗೆ ಅದೂ ಜೋಡಿ ಮನೆ. ಒಂದೇ ಗೋಡೆ, ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಮನೆಗೆ ಬಂದ ದಿನವೇ ಪಕ್ಕದ ಬಾಗಿಲಿನ ಹಿತ್ತಾಳೆ ಫಲಕದ ಮೇಲೆ ಓಲರನ್‌ಶಾ ಎಂದಿದ್ದುದನ್ನು ನೋಡಿದೆ. ಕೊನೆಯಲ್ಲಿ ಶಾ ಇದ್ದದ್ದೇ ತಡ, "ಪಕ್ಕದ್ಮನೆಯವ್ರು ಗುಜರಾತಿಗಳು ಕಣೇ" ಎಂದು ಹೆಂಡತಿ ಸುಧಾಳಿಗೆ ಹೇಳಿಬಿಟ್ಟೆ. ಅವಳು ಇನ್ನೇನು ಢೋಕ್ಲಾ ಬರುತ್ತದೆ ಅಂತ ಕಾದಳು. ಆಮೇಲೆ ಒಂದು ದಿನ ಆ ಬಾಗಿಲಿಂದ ಬೂದು ಬಣ್ಣದ ಸ್ವೆಟರ್ ತೊಟ್ಟ, ಬಾಗಿಲಿನಷ್ಟೇ ಎತ್ತರದ ಬಿಳಿಯ ಮುದುಕರೊಬ್ಬರು ಹೊರಗೆ ಬಂದು ನಮಗೆ ಗುಡ್ ಮಾರ್ನಿಂಗ್ ಹೇಳಿದರು.

ಅವರೇ ಸೆಸಿಲ್ ಓಲರನ್‌ಶಾ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೆಂಡತಿಯ ಅಣ್ಣನ ಮಗಳು ನೋರಾ ಎಂಬಾಕೆ ಕಾರ್ಕ್ ಕಡೆಯ ರಿಂಗಾಸ್ಕಿಡಿಯಲ್ಲಿ ಔಷಧಿ ಕಾರ್ಖಾನೆಯ ಕೆಲಸದಲ್ಲಿದ್ದಳು, ಆಗಾಗ ಬಂದು ನೋಡಿಕೊಂಡು ಹೋಗುತ್ತಿದ್ದಳು. ಕೊರೋನಾ ಬರುವವರೆಗೆ ಸೆಸಿಲ್ ಮತ್ತು ನನ್ನ ನಡುವೆ ಹವಾಮಾನ ಬಿಟ್ಟು ಬೇರೆ ಮಾತು ನಡೆದದ್ದು ನೆನಪಿಲ್ಲ. ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ನಮ್ಮನ್ನು ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಕಳಿಸಿದರು. ಎಪ್ಪತ್ತು ದಾಟಿದವರು ಹೊರಗೆ ಕಾಲಿಡಬಾರದು ಅಂತ ಸರ್ಕಾರ ಹೇಳಿತು, ಅದಕ್ಕೆ ಕುಕೂನಿಂಗ್ ಎಂದು ಹೆಸರಿಟ್ಟಿತು. ರೇಷ್ಮೆಹುಳ ಗೂಡು ಕಟ್ಟಿಕೊಂಡ ಹಾಗೆ. ಅವರ ಹಾಲು, ಬ್ರೆಡ್ಡು, ಮಾತ್ರೆಗಳನ್ನು ತಂದು ಬಾಗಿಲಲ್ಲಿಡುವ ಕೆಲಸ ನನ್ನದಾಯಿತು.

ಜಗತ್ತೆಲ್ಲ ಒದ್ದಾಡುತ್ತಿದ್ದ ಕಾಲ ಅದು, ಹೇಳಲು ಸಂಕೋಚವಾಗುತ್ತದೆ. ಆದರೂ ಆ ವಸಂತವನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬಿಬರುತ್ತದೆ. ಆಕಾಶದಲ್ಲಿ ವಿಮಾನವಿಲ್ಲ, ಮೋಟರ್‌ವೇಯ ಮೊರೆತವಿಲ್ಲ, ಆ ವರ್ಷ ಮಳೆಯೂ ಅಪರೂಪ. ಸಂಜೆ ಕೆಲಸ ಮುಗಿಸಿ ಹಿತ್ತಲಿಗೆ ಬಂದರೆ ಬೇಲಿಯ ಆಚೆ ಅವರು ಮಡಿಸುವ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಈಚೆ ನಾವು. ಅವರ ಚಹಾ ಅವರಿಗೆ, ನಮ್ಮ ಕಾಫಿ ನಮಗೆ. ಮಗಳು ಅನು ಅವರನ್ನು ಸೆಸಿಲ್ ತಾತ ಎನ್ನುತ್ತಿದ್ದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಐರಿಶ್ ರಾಗದ ಇಂಗ್ಲಿಷಿನಲ್ಲೇ. ಹೋಗಿ ನೋಡಿಕೊಂಡು ಬಾ ಎಂದರೆ ಓಡಿಹೋಗಿ ಬಂದು "ಸೆಸಿಲ್ ತಾತ ಈಸ್ ಗ್ರ್ಯಾಂಡ್" ಎಂದು ವರದಿ ಒಪ್ಪಿಸುತ್ತಿದ್ದಳು, ಅಲ್ಲಿಯವರ ಮಾತಿನಲ್ಲಿ ಗ್ರ್ಯಾಂಡ್ ಅಂದರೆ ಚೆನ್ನಾಗಿದ್ದಾರೆ ಅಂತ. ಊರಿನಲ್ಲಿದ್ದಾಗಲೂ ನಾನು ಪಕ್ಕದ ಮನೆಯವರ ಜೊತೆ ಅಷ್ಟು ಹೊತ್ತು ಕೂತು ಮಾತಾಡಿದವನಲ್ಲ.

ಗುಜರಾತಿ ಶಾ ವಿಷಯ ಹೇಳಿದ ದಿನ ಅವರು ನಕ್ಕು ನಕ್ಕು ಬೇಲಿ ಹಿಡಿದುಕೊಂಡರು. ಅಲ್ಲಿಂದ ಹೆಸರಿನ ಮಾತು ಶುರುವಾಯಿತು. ಓಲರ್ ಅಂದರೆ ಆಲ್ಡರ್ ಮರವಂತೆ, ಹಳ್ಳದ ಪಕ್ಕ ಒದ್ದೆ ನೆಲದಲ್ಲಿ ಬೆಳೆಯುವಂಥದ್ದು. ಶಾ ಅಂದರೆ ಚಿಕ್ಕ ಕಾಡು, ನಮ್ಮ ತೋಪು ಅನ್ನಿ. ಇಂಗ್ಲೆಂಡಿನ ಡರ್ಬಿಶೈರ್ ಕಡೆ ಆ ಹೆಸರಿನ ಒಂದು ಜಾಗವೇ ಇದೆ, ಅಲ್ಲಿಂದ ಹೊರಟವರಿಗೆಲ್ಲ ಆ ಹೆಸರು ಅಂಟಿಕೊಂಡಿತು. ಹುಣಸೂರಿನಿಂದ ಬಂದವರಿಗೆ ನಾವು ಹುಣಸೂರಿನೋರು ಅನ್ನುವುದಿಲ್ಲವೇ, ಹಾಗೆ. ಇಂಗ್ಲೆಂಡಿನಲ್ಲೇ ಅದು ಅಪರೂಪದ ಹೆಸರು, ಐರ್ಲೆಂಡಿನಲ್ಲಂತೂ ನಮ್ಮದೊಂದೇ ಮನೆ ಎನ್ನುತ್ತಿದ್ದರು.

ಅದನ್ನು ಅವರು ಸುಮ್ಮನೆ ಹೇಳುತ್ತಿರಲಿಲ್ಲ. ಕೆಲಸದಲ್ಲಿದ್ದಾಗ ದನಕರುಗಳ ಔಷಧಿ ಮಾರುತ್ತಾ ದೇಶದ ಮೂಲೆಮೂಲೆ ಸುತ್ತಿದವರು ಅವರು. ಯಾವ ಊರಿನಲ್ಲಿ ತಂಗಿದರೂ ರೂಮಿಗೆ ಹೋಗಿ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಟೆಲಿಫೋನ್ ಡೈರೆಕ್ಟರಿ ತೆರೆದು ತಮ್ಮ ಹೆಸರಿನವರು ಯಾರಾದರೂ ಇದ್ದಾರೆಯೇ ನೋಡುವುದು. ಐರ್ಲೆಂಡಿನಲ್ಲಿ ಓ ಅಕ್ಷರವೆಂದರೆ ಗೊತ್ತಲ್ಲ, ಓಬ್ರಯನ್, ಓಕಾನರ್, ಓಸಲಿವನ್ ಎಂದು ಪುಟಗಟ್ಟಲೆ ಜನಜಂಗುಳಿ. ಆ ನೂಕುನುಗ್ಗಲಿನಲ್ಲಿ ಒಬ್ಬನೇ ಒಬ್ಬ ಓಲರನ್‌ಶಾ ಎಂದೂ ಸಿಗಲಿಲ್ಲ. ಒಮ್ಮೆ ಲಂಡನ್ನಿಗೆ ಹೋದಾಗ ಡೈರೆಕ್ಟರಿಯಲ್ಲಿ ಕೆಲವರು ಸಿಕ್ಕರಂತೆ. ಖುಷಿಯಿಂದ ಒಬ್ಬರಿಗೆ ಫೋನ್ ಮಾಡಿ "ನಾನೂ ಓಲರನ್‌ಶಾ" ಎಂದರೆ, ಏನೋ ಮಾರಲು ಬಂದವನೆಂದು ತಿಳಿದು ಅವರು ಫೋನ್ ಇಟ್ಟುಬಿಟ್ಟರಂತೆ. ಇದನ್ನು ಹೇಳುವಾಗ ಅವರು ನಗುತ್ತಿದ್ದರು, ನನಗೆ ಮಾತ್ರ ಪಾಪ ಅನ್ನಿಸಿತು.

ಅವರ ಕೊರಗು ಒಂದೇ. ಆ ಹೆಸರು ಹೊತ್ತು ಡರ್ಬಿಶೈರಿನಿಂದ ಐರ್ಲೆಂಡಿಗೆ ಮೊದಲು ಬಂದವನು ಯಾರು ಎಂಬುದು ಗೊತ್ತಿರಲಿಲ್ಲ. ತಂದೆ ಆರ್ಥರ್. ಅಜ್ಜ ಸ್ಯಾಮ್ಯುಯೆಲ್, ವೆಕ್ಸ್‌ಫರ್ಡ್ ಕಡೆ ಹಿಟ್ಟಿನ ಗಿರಣಿಯಲ್ಲಿದ್ದವರು. ಅಜ್ಜನ ಅಪ್ಪನೇ ಮೊದಲು ಬಂದದ್ದು ಎಂಬಷ್ಟು ಮನೆಯಲ್ಲಿ ಮಾತಿತ್ತು, ಹೆಸರು ಮಾತ್ರ ಯಾರಿಗೂ ನೆನಪಿರಲಿಲ್ಲ. ಅವರ ಚರ್ಚಿನ ಹಳೆಯ ದಾಖಲೆಗಳು, ಆ ದೇಶದ ಇನ್ನೆಷ್ಟೋ ದಾಖಲೆಗಳ ಜೊತೆ, ನೂರು ವರ್ಷದ ಹಿಂದೆ ಅಲ್ಲಿ ನಡೆದ ಅಂತರ್ಯುದ್ಧದಲ್ಲಿ ಬೆಂಕಿಗೆ ಹೋಗಿದ್ದವು. ಇಂಗ್ಲೆಂಡಿಗೂ ಹೋಗಿ ಹುಡುಕಿದ್ದರು, ಸಿಕ್ಕಿರಲಿಲ್ಲ. "ಕೊನೆಯವನು ಯಾರೆಂದು ನನಗೆ ಚೆನ್ನಾಗಿ ಗೊತ್ತು, ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ. ಮೊದಲನೆಯವನ ಹೆಸರು ಗೊತ್ತಾದರೆ ಸಾಕು, ಹೋಗಬಹುದು" ಎನ್ನುತ್ತಿದ್ದರು.

ನಮ್ಮ ಕಥೆ ಕೇಳಿ ಅವರಿಗೆ ಆಶ್ಚರ್ಯ. ಮೈಸೂರಿನ ನಮ್ಮಂಥವರಿಗೆ ಮನೆಹೆಸರು ಎಲ್ಲಿಯದು? ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ವೀಸಾಕ್ಕೆ ಸರ್‌ನೇಮ್ ಬೇಕೇಬೇಕು ಅಂದಾಗ ಅಪ್ಪನ ಹೆಸರನ್ನು ಬಿಡಿಸಿ ಬರೆದಿದ್ದೆ. ಆದ್ದರಿಂದ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಮಿಸ್ಟರ್ ರಾಮಚಂದ್ರ ಎಂದು ಕೂಗುತ್ತಾರೆ, ನಾನು ಸತ್ತ ಅಪ್ಪನ ಪರವಾಗಿ ಎದ್ದು ನಿಲ್ಲುತ್ತೇನೆ. ಅನುಗೆ ನನ್ನ ಹೆಸರೇ ಸರ್‌ನೇಮು. "ಹಾಗಾದರೆ ನಿಮ್ಮಲ್ಲಿ ತಲೆಮಾರಿಗೊಂದು ಮನೆತನ ಮುಗಿಯುತ್ತದೆ!" ಎಂದರು. ಇಲ್ಲ, ವರ್ಷಕ್ಕೊಮ್ಮೆ ಪಿತೃಪಕ್ಷದಲ್ಲಿ ಅಪ್ಪ, ತಾತ, ಮುತ್ತಾತ ಮೂವರ ಹೆಸರನ್ನೂ ಹೇಳಿ ಎಳ್ಳುನೀರು ಬಿಡುತ್ತೇವೆ ಎಂದು ವಿವರಿಸಿದೆ. ರಾಮಚಂದ್ರ, ಸುಬ್ಬರಾಯ, ವೆಂಕಟನರಸಿಂಹ. ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ. ಮುತ್ತಾತನ ಹೆಸರು ಇಷ್ಟು ಸಲೀಸಾಗಿ ಬಾಯಲ್ಲಿರುವುದು ಎಂಥ ಶ್ರೀಮಂತಿಕೆ ಎಂದರು. ಆಮೇಲೆ, "ನಿಮ್ಮ ಎಳ್ಳುನೀರಿನಲ್ಲಿ ನಮ್ಮವರಿಗೂ ಎರಡು ಹನಿ ಸಿಕ್ಕಬಹುದೇ?" ಎಂದು ಕೇಳಿದರು. ತಮಾಷೆಯೋ ನಿಜವೋ ಗೊತ್ತಾಗಲಿಲ್ಲ. ಧಾರಾಳವಾಗಿ ಎಂದೆ.

ಜುಲೈನಲ್ಲಿ ಒಂದು ದಿನ ಎದೆನೋವೆಂದು ಆಂಬುಲೆನ್ಸ್ ಬಂತು. ಸ್ಟ್ರೆಚರಿನ ಮೇಲಿಂದಲೇ ನಮ್ಮ ಕಡೆಗೆ ಕೈಬೀಸಿದರು. ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಮೂರ್ನಾಲ್ಕು ದಿನವಾದ ಮೇಲೆ ನೋರಾ ಫೋನ್ ಮಾಡಿ ಹೋಗಿಬಿಟ್ಟರು ಎಂದಳು. ಅಂತ್ಯಕ್ರಿಯೆಗೂ ಎಣಿಸಿದಷ್ಟು ಜನ ಮಾತ್ರ. ಹಾಗಾಗಿ ಶವದ ಕಾರು ಮನೆತನದ ಸಮಾಧಿ ಇದ್ದ ವೆಕ್ಸ್‌ಫರ್ಡಿಗೆ ಹೋಗುವ ಮೊದಲು ನಿಧಾನವಾಗಿ ನಮ್ಮ ರಸ್ತೆಯಲ್ಲಿ ಬಂತು, ನಾವೆಲ್ಲ ನಮ್ಮ ನಮ್ಮ ಗೇಟಿನಲ್ಲಿ ದೂರದೂರ ನಿಂತುಕೊಂಡೆವು. ಆ ದೇಶದಲ್ಲಿ ಆಗ ಎಲ್ಲ ಕಡೆ ಹಾಗೆಯೇ. ಹತ್ತಿರ ಹೋಗಿ ಮುಟ್ಟುವ ಹಾಗಿಲ್ಲ, ಕಾಲ ಬಳಿ ಒಂದು ಹೂವಿಡುವ ಹಾಗಿಲ್ಲ. ಅನು ಜೋರಾಗಿ ಅತ್ತಳು. ನಾನೂ ಅತ್ತೆ.

ಸೆಪ್ಟೆಂಬರಿನಲ್ಲಿ ಮಹಾಲಯ ಅಮಾವಾಸ್ಯೆ ಬಂತು. ನಂಬಿಕೆಯಿಂದಲ್ಲ, ಅಮ್ಮನಿಗೆ ಸಮಾಧಾನವಾಗಲಿ ಎಂದು ತರ್ಪಣ ಬಿಡುವವನು ನಾನು. ಆ ವರ್ಷ ಅದೂ ವಾಟ್ಸಾಪಿನಲ್ಲಿ. ಮೈಸೂರಿನಲ್ಲಿ ನಮ್ಮ ಮನೆಗೆ ಬರುವ ಶಾಸ್ತ್ರಿಗಳು ಫೋನಿನ ಆ ಕಡೆ, ಈ ಕಡೆ ಅಡುಗೆಮನೆಯಲ್ಲಿ ಟೋಸ್ಟರಿಗೆ ಫೋನ್ ಒರಗಿಸಿಕೊಂಡು, ಪಂಚೆ ಉಟ್ಟು, ಜನಿವಾರ ಬಲಕ್ಕೆ ಹಾಕಿಕೊಂಡು, ದಕ್ಷಿಣ ಯಾವ ಕಡೆ ಅಂತ ಅದೇ ಫೋನಿನಲ್ಲಿ ಮೊದಲೇ ನೋಡಿಟ್ಟುಕೊಂಡು ಕೂತ ನಾನು. ಬೆಳಗಿನ ಬಿಸಿಲು ಕಿಟಕಿಯಿಂದ ನೆಲದ ಮೇಲೆ ಬಿದ್ದಿತ್ತು. ಸುಧಾ ಒಲೆಯ ಹತ್ತಿರ ಪಾಯಸಕ್ಕೆ ಹಾಲು ಕಾಯಿಸುತ್ತಿದ್ದಳು. "ಬೇಗ ಬೇಗ ಮುಗಿಸೋಣ, ನಿಮ್ದಾದ್ಮೇಲೆ ಸಿಂಗಪುರದೋರು ಕಾಯ್ತಾವ್ರೆ" ಎಂದು ಶಾಸ್ತ್ರಿಗಳು ಅವಸರ ಮಾಡಿದರು.

ನಮ್ಮವರದೆಲ್ಲ ಆದ ಮೇಲೆ ಸೆಸಿಲ್ ವಿಷಯ ಹೇಳಿದೆ. ಬೇರೆ ಧರ್ಮದವರು, ಆಗುತ್ತದೋ ಇಲ್ಲವೋ ಎಂದು ಅಳುಕಿತ್ತು. ಶಾಸ್ತ್ರಿಗಳು ಒಂದು ಕ್ಷಣವೂ ಯೋಚಿಸಲಿಲ್ಲ. "ಸ್ನೇಹಿತರಿಗೆ ಬಿಡೋದು ಶಾಸ್ತ್ರದಲ್ಲೇ ಐತೆ ಸ್ವಾಮಿ. ಮಕ್ಳಿಲ್ವಾ ಅವ್ರಿಗೆ? ಹಂಗಾದ್ರೆ ಹಿಂದಿನ ಮೂರು ತಲೆಗೂ ಬಿಟ್ಬಿಡಿ, ಇನ್ಯಾರು ಬಿಡ್ತಾರೆ. ಗೋತ್ರ ಗೊತ್ತಿಲ್ದಿದ್ರೆ ಕಾಶ್ಯಪ" ಎಂದರು. ಡರ್ಬಿಶೈರಿನ ಓಲರನ್‌ಶಾಗಳು ಹೀಗೆ ಕಾಶ್ಯಪ ಗೋತ್ರಕ್ಕೆ ಸೇರಿದರು. ಸೆಸಿಲ್ ಬದುಕಿದ್ದಿದ್ದರೆ ಬೇಲಿ ಮುರಿಯುವಷ್ಟು ನಗುತ್ತಿದ್ದರು ಎಂದುಕೊಂಡೆ.

ಸೆಸಿಲ್ ಹೆಸರಿಗೆ ಸಂಸ್ಕೃತದ ಬಾಲ ಕಟ್ಟಿ ಶಾಸ್ತ್ರಿಗಳು ಮಂತ್ರ ಹೇಳಿದರು, ಎಳ್ಳುನೀರು ಬಿಟ್ಟೆ. ತಂದೆ? ಆರ್ಥರ್ ಎಂದೆ. ಬಿಟ್ಟೆ. ತಾತ? ಸ್ಯಾಮ್ಯುಯೆಲ್. ಬಿಟ್ಟೆ. "ಮುತ್ತಾತ?" ಎಂದರು. ಮೂರನೆಯ ಹೆಸರು ಗೊತ್ತಿಲ್ಲ ಶಾಸ್ತ್ರಿಗಳೇ, ಏನು ಮಾಡೋಣ ಎಂದು ಕೇಳುವುದಕ್ಕೆ ಬಾಯಿ ತೆರೆದೆ. "ಜೇಬೆಜ್" ಎಂದೆ.

ನನ್ನ ಮೈ ಜುಮ್ಮೆನ್ನಲಿಲ್ಲ. ಗಾಳಿ ಬೀಸಲಿಲ್ಲ, ದೀಪ ಅಲುಗಲಿಲ್ಲ. ಯಾರೋ ನಿಮ್ಮ ಮನೆಯ ನಂಬರ್ ಕೇಳಿದರೆ ಯೋಚಿಸದೆ ಹೇಳುತ್ತೀರಲ್ಲ, ಅಷ್ಟೇ ಸಹಜವಾಗಿ ಬಂತು. "ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂದರು ಶಾಸ್ತ್ರಿಗಳು. ಜೇಬೆಜ್, ಎಂದು ಬಿಡಿಸಿ ಹೇಳಿದೆ. ಅವರು ಕಷ್ಟಪಟ್ಟು ಅದಕ್ಕೂ ಬಾಲ ಕಟ್ಟಿದರು. ಎಳ್ಳುನೀರು ಬೆರಳ ಸಂದಿಯಿಂದ ತಟ್ಟೆಗೆ ಇಳಿಯಿತು. ಕರೆ ಮುಗಿದ ಮೇಲೆ ಸುಧಾ ಒಲೆ ಸಣ್ಣ ಮಾಡಿ ಈ ಕಡೆ ತಿರುಗಿದಳು. "ಮೂರನೇದು ಅವ್ರಿಗೇ ಗೊತ್ತಿರ್ಲಿಲ್ಲ ಅಂತಿದ್ರಲ್ರೀ? ಅದ್ಯಾವ ಹೆಸ್ರು ಹೇಳಿದ್ರಿ?" ಎಂದಳು.

ನನಗೆ ನಾಚಿಕೆಯಾಯಿತು. ಏನೋ ಬಾಯಿಗೆ ಬಂತು ಎಂದೆ. ಅದು ಹೆಸರೋ ಅಲ್ಲವೋ ಎಂಬುದೂ ಗೊತ್ತಿರಲಿಲ್ಲ, ಹುಡುಕಿ ನೋಡಿದೆ. ಬೈಬಲ್ಲಿನಲ್ಲಿ ಬರುವ ಹಳೆಯ ಹೆಸರಂತೆ. ನಾನು ಓದಿದ್ದು ಮೈಸೂರಿನ ಮಿಷನ್ ಶಾಲೆಯಲ್ಲಿ, ಅಲ್ಲೆಲ್ಲೋ ಕಿವಿಗೆ ಬಿದ್ದದ್ದು ಈಗ ಹೊರಬಂದಿರಬೇಕು ಎಂದು ಸುಮ್ಮನಾದೆ. ಪಾಪ, ಅವರ ಮುತ್ತಾತನಿಗೆ ಸುಳ್ಳು ಹೆಸರಿಟ್ಟುಬಿಟ್ಟೆನಲ್ಲ ಎಂದು ಒಂದೆರಡು ದಿನ ಕಸಿವಿಸಿಯಾಯಿತು. ಆಮೇಲೆ ಮರೆತೂಹೋಯಿತು.

ಮಾರನೆಯ ವರ್ಷ ಜಿಲ್ಲೆ ದಾಟಿ ಓಡಾಡಬಹುದು ಎಂದಾದಾಗ ನೋರಾ ವೆಕ್ಸ್‌ಫರ್ಡಿನ ಚರ್ಚಿಗೆ ಹೋದಳು. ಮನೆತನದ ಸಮಾಧಿಗಲ್ಲಿನ ಮೇಲೆ ಸೆಸಿಲ್ ಹೆಸರು ಕೆತ್ತಿಸಬೇಕಿತ್ತು. ಸಂಜೆ ನನಗೆ ಫೋನ್ ಮಾಡಿದಳು. ಕಲ್ಲು ಕೆತ್ತುವವನು ಸುತ್ತ ಕುಸಿದಿದ್ದ ನೆಲ ಸಮ ಮಾಡಲು ಹೋಗಿ ಪಕ್ಕದಲ್ಲೇ ಹುಲ್ಲಿನಡಿ ಅಂಗಾತ ಬಿದ್ದಿದ್ದ ಇನ್ನೊಂದು ಚಿಕ್ಕ ಕಲ್ಲನ್ನು ಕಂಡನಂತೆ. ಎಬ್ಬಿಸಿ ತೊಳೆದರೆ ಅಕ್ಷರ. ಸೆಸಿಲ್ ವರ್ಷವರ್ಷವೂ ಬಂದು ನಿಲ್ಲುತ್ತಿದ್ದ ಜಾಗದಿಂದ ಒಂದು ಮಾರು ದೂರ. "ಇಲ್ಲೇ ಇತ್ತು, ಅವರ ಕಾಲ ಹತ್ತಿರವೇ ಇತ್ತು" ಎಂದು ಅಳುತ್ತಾ ಓದಿ ಹೇಳಿದಳು. ಸ್ಯಾಮ್ಯುಯೆಲ್ ಓಲರನ್‌ಶಾ ತನ್ನ ತಂದೆಯ ನೆನಪಿಗೆ ನಿಲ್ಲಿಸಿದ್ದು. ತಂದೆಯ ಹೆಸರು ಜೇಬೆಜ್.

ಫೋನ್ ಇಟ್ಟವನೇ ಸುಧಾಳನ್ನು ಕರೆದೆ. ಹೆಸರು ನಾನು ಹೇಳಲಿಲ್ಲ. ಮಹಾಲಯದ ದಿನ ನಾನು ಹೇಳಿದ ಹೆಸರು ನೆನಪಿದೆಯಾ ಎಂದು ಮಾತ್ರ ಕೇಳಿದೆ. "ಜೇಬೆಜ್ ಅಲ್ವಾ? ಯಾಕೆ?" ಎಂದಳು. ಮಾರನೆಯ ದಿನ ಶಾಸ್ತ್ರಿಗಳಿಗೂ ಫೋನ್ ಮಾಡಿದೆ, ನನ್ನ ನೆನಪೇ ನನ್ನನ್ನು ಆಟ ಆಡಿಸುತ್ತಿರಬಹುದು ಎಂದು. "ಮರ್ತೋಗೋ ಹೆಸ್ರಾ ಅದು! ಜೇಬಿನ ಥರ ಇತ್ತಲ್ಲ, ನಾಲ್ಗೆ ತೊಡರ್ತು ನಂಗೆ" ಎಂದು ನಕ್ಕರು.

ಆ ಬೇಸಿಗೆಯಲ್ಲಿ ನಾವೆಲ್ಲ ವೆಕ್ಸ್‌ಫರ್ಡಿಗೆ ಹೋದೆವು. ಆ ಜಿಲ್ಲೆಗೆ ನಾನು ಕಾಲಿಟ್ಟದ್ದೇ ಅದು ಮೊದಲು. ಕಲ್ಲನ್ನು ಎತ್ತಿ ನಿಲ್ಲಿಸಿದ್ದರು, ಮಣ್ಣಿನ ಕಲೆ ಇನ್ನೂ ಇತ್ತು. ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದೆ. ನೋರಾಗೆ ಎಲ್ಲ ಹೇಳಿಬಿಟ್ಟೆ, ಟೋಸ್ಟರ್, ಎಳ್ಳು, ಕಾಶ್ಯಪ ಗೋತ್ರ ಒಂದನ್ನೂ ಬಿಡದೆ. ಹುಚ್ಚನೆಂದು ತಿಳಿಯುತ್ತಾಳೆ ಅಂತಲೇ ಅಂದುಕೊಂಡಿದ್ದೆ. ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಕಣ್ಣೊರೆಸಿಕೊಂಡು ನಕ್ಕಳು. "ಸೆಸಿಲ್ ಅಲ್ಲವೇ, ಹೆಸರು ಗೊತ್ತಾದ ಮೇಲೆ ಯಾರಿಗಾದರೂ ಹೇಳದೆ ಇರುತ್ತಿದ್ದರೇ?" ಎಂದಳು.

ನಾನು ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. ವರ್ಷಗಳಿಂದ ಇದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಅವರೇ ಯಾವಾಗಲೋ ಹೇಳಿದ್ದು ನಾನು ಮರೆತಿರಬಹುದು ಎನ್ನೋಣವೆಂದರೆ ಅವರಿಗೇ ಗೊತ್ತಿರಲಿಲ್ಲ. ಎಲ್ಲೋ ಓದಿರಬಹುದು ಎನ್ನೋಣವೆಂದರೆ ಆ ಕಲ್ಲು ನೆಲದಲ್ಲಿತ್ತು. ಮಿಷನ್ ಶಾಲೆಯಲ್ಲಿ ಕಿವಿಗೆ ಬಿದ್ದ ಹೆಸರುಗಳು ಎಷ್ಟೋ, ಅಷ್ಟರಲ್ಲಿ ಇದೊಂದೇ ಆ ಕ್ಷಣಕ್ಕೆ ಏಕೆ ಬಂತು? ಕಾಕತಾಳೀಯ ಎನ್ನಬಹುದು. ನನ್ನ ಸಹೋದ್ಯೋಗಿಯೊಬ್ಬ ಹಾಗೇ ಅಂದ, ನಾನೂ ಅವನ ಜಾಗದಲ್ಲಿದ್ದರೆ ಹಾಗೇ ಅನ್ನುತ್ತಿದ್ದೆ. ಈಗ ಪ್ರತಿ ಮಹಾಲಯಕ್ಕೂ ನಮ್ಮವರ ಜೊತೆ ಆ ನಾಲ್ವರಿಗೂ ನೀರು ಬಿಡುತ್ತೇನೆ. ಬಿಡುವಾಗ ನಂಬಿಕೆ ಬಂದಿದೆಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ, ಇಲ್ಲ ಎಂದೇ ಉತ್ತರ.

ಆದರೆ ಒಂದು ಕಡೆ ಬಂದು ನನ್ನ ಬುದ್ಧಿ ಕಾಲು ಮುಂದಿಡುವುದಿಲ್ಲ. ಅದು ಕಾಕತಾಳೀಯವೇ ಎಂದು ನಾನು ಸಾಧಿಸಿಬಿಟ್ಟೆ ಅಂತಿಟ್ಟುಕೊಳ್ಳಿ. ಆಗ ಊರೂರು ಸುತ್ತಿ ಆ ಒಂದು ಹೆಸರಿಗಾಗಿ ಕಾದ ಮನುಷ್ಯ, ಅದು ಕಾಲ ಬುಡದಲ್ಲೇ ಇದ್ದರೂ ಗೊತ್ತಾಗದೆ ಹೋಗಿಬಿಟ್ಟರು ಎಂದಾಗುತ್ತದೆ. ಅದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.